ಕ್ರಾಥಿಸ್‌ನ ಹನ್ನೆರಡು ಗುಳಿ

ಅಬರ್ಡೀನಿನಿಂದ ಬ್ಯಾಂಕರಿಗೆ ಐವತ್ತೆರಡು ನಿಮಿಷ.
ಎರಡು ನಿಮಿಷ ತಡವಾದರೆ ದೂರು,
ಒಂದು ನಿಮಿಷ ಮೊದಲೇ ಹೊರಟರೆ ಇನ್ನೂ ದೊಡ್ಡ ದೂರು.
ಏಳು ವರ್ಷದಿಂದ ಈ ಬಸ್ಸಿನಲ್ಲಿ ಕೂತು
ಕಾಲವನ್ನು ಚಿಲ್ಲರೆಯಾಗಿ ಮಾರುತ್ತಿದ್ದೇನೆ.

ಕ್ರಾಥಿಸ್ ಹತ್ತಿರ ಒಂದು ಹೊಲ.
ಬಾರ್ಲಿ ಇದ್ದರೆ ಬಾರ್ಲಿ, ಇಲ್ಲದಿದ್ದರೆ ಕೂಳೆ,
ಕೂಳೆಯ ಮೇಲೆ ಕಾಗೆ.
ನೋಡುವುದಕ್ಕೆ ಏನೂ ಇಲ್ಲ.
ಹತ್ತು ಸಾವಿರ ವರ್ಷದ ಹಿಂದೆ ಯಾರೋ ಅಲ್ಲಿ
ಬಿಲ್ಲಿನಂತೆ ಬಾಗಿಸಿ ಹನ್ನೆರಡು ಗುಳಿ ತೋಡಿದರಂತೆ.
ಕಲ್ಲು ನಿಲ್ಲಿಸಲಿಲ್ಲ, ಕಂಬ ಕೆತ್ತಲಿಲ್ಲ,
ಮಣ್ಣು ತೆಗೆದರು, ಅಷ್ಟೆ.
ಮಣ್ಣು ತುಂಬಿಕೊಂಡಾಗಲೆಲ್ಲ ಮತ್ತೆ ತೆಗೆದರು.

ಹೇಳಿದವಳು ಮೋರಾಗ್ ಕ್ರುಕ್‌ಶ್ಯಾಂಕ್,
ಮಂಗಳವಾರದ ಮುಂದಿನ ಸೀಟು.
ನನ್ನನ್ನು ಲೂನ್ ಎನ್ನುತ್ತಾಳೆ, ಅಂದರೆ ಹುಡುಗ;
ನನಗೆ ಐವತ್ತೊಂದು.
"ನಮ್ಮಪ್ಪ ಅದರ ಮೇಲೇ ಉತ್ತ, ಬಿತ್ತ, ಬೈದ.
ನೇಗಿಲಿಗೆ ಏನೂ ತಗುಲಲಿಲ್ಲ."
ಇಲ್ಲದ್ದು ಹೇಗೆ ತಗುಲೀತು?
ಕೊನೆಗೆ ಮಳೆಯೇ ಬಾರದ ಒಂದು ಬೇಸಿಗೆ
ಹೊಲವೆಲ್ಲ ಒಣಗಿ ಹಳದಿಯಾಗಿ ನಿಂತಾಗ
ಗುಳಿಯಿದ್ದ ಕಡೆ ಮಾತ್ರ ಪೈರು ಹಸಿರು ಬಿಡಲಿಲ್ಲ.
ವಿಮಾನದಲ್ಲಿ ಹೋದವರು ಕಂಡರು.

ಗುಳಿ ಎಂದರೆ ನನಗೆ ಅಳಗುಳಿ ಮಣೆ.
ಹುಣಸೆಬೀಜ ಮುಷ್ಟಿಯಲ್ಲಿ ಹಿಡಿದು ಚಿಕ್ಕಮ್ಮ
ಒಂದೊಂದು ಗುಳಿಗೆ ಒಂದೊಂದು ಬಿಡುತ್ತ ಬರುವ ಟಕ್ ಟಕ್,
ಮೋಸ ಮಾಡುವಾಗ ಮಾತ್ರ ಸದ್ದಿಲ್ಲ.
ಇಲ್ಲಿ ಬಿಟ್ಟದ್ದು ಚಂದ್ರನನ್ನು.
ಗುಳಿಗೊಂದು ತಿಂಗಳು: ಎಳೆಯದು, ತುಂಬಿದ್ದು, ಸವೆದದ್ದು.
ಡೀ ಹೊಳೆಗೆ ಸಾಲ್ಮನ್ ಏರುವುದು ಎಂದು,
ಹಿಮ ಕಟ್ಟುವುದು ಎಂದು, ಬಿಡುವುದು ಎಂದು,
ಹಸಿದವರಿಗೆ ಬೇರೆ ಏನು ಬೇಕು?

ಆದರೆ ಹನ್ನೆರಡು ಚಂದ್ರರನ್ನು ಕೂಡಿಸಿದರೂ ವರ್ಷ ತುಂಬದು.
ಹನ್ನೊಂದು ದಿನ ಕೊರೆ.
ಅದಕ್ಕೇ ನಡುಚಳಿಗಾಲದಲ್ಲಿ ಒಂದು ಬೆಳಿಗ್ಗೆ
ಆಗ್ನೇಯದ ಗುಡ್ಡಗಳ ಸಂದಿನಲ್ಲಿ ಸೂರ್ಯ ಹುಟ್ಟುವುದನ್ನು ಕಾದು
ಲೆಕ್ಕ ಸರಿಮಾಡಿಕೊಳ್ಳುತ್ತಿದ್ದರಂತೆ.

"ನಮ್ಮಲ್ಲಿ ಇದಕ್ಕೆ ಅಧಿಕಮಾಸ" ಅಂದೆ.
"ಒಂದು ತಿಂಗಳೇ ಜಾಸ್ತಿ ಸೇರಿಸುತ್ತೇವೆ.
ಅಳಿಯನನ್ನು ಕರೆದು ಮೂವತ್ತಮೂರು ಕಜ್ಜಾಯ ಕೊಡುತ್ತೇವೆ."
ಮೋರಾಗ್ ನಕ್ಕು ಕೆಮ್ಮಿ ಕಣ್ಣೊರೆಸಿಕೊಂಡಳು.
"ಬಿಟ್ಟಿಯಾಗಿ ಒಂದು ತಿಂಗಳಾ? ಅದರ ಮೇಲೆ ತಿಂಡಿಯಾ?
ಅಬರ್ಡೀನಿನವರಿಗೆ ಹೇಳಬೇಡ ಲೂನ್, ನಂಬುವುದಿಲ್ಲ."

ಅದು ಪಂಚಾಂಗವೇ ಅಲ್ಲ ಎನ್ನುವ ಪಂಡಿತರೂ ಇದ್ದಾರೆ.
ಇರಲಿ. ನಮ್ಮ ಎರಡು ಮಠದ ಪಂಚಾಂಗಗಳೇ
ಒಂದು ಏಕಾದಶಿಗೆ ಜಗಳವಾಡುವುದಿಲ್ಲವೇ?

ಡಿಸೆಂಬರ್ ಇಪ್ಪತ್ತೊಂದು, ಮಂಗಳವಾರ.
ಎಂಟು ನಲವತ್ತಕ್ಕೂ ಕತ್ತಲು.
ಬಸ್ಸಿನಲ್ಲಿ ಅವಳು, ನಾನು, ಹಿಂದೆ ನಿದ್ದೆ ಹೋದ ನರ್ಸು.
ಗಂಟೆ ಒತ್ತಲಿಲ್ಲ, ಬಾಯಿಬಿಟ್ಟು ಕೇಳಲಿಲ್ಲ,
ಕಿಟಕಿಯ ಹಬೆಯನ್ನು ಕೈಗವಸಿನಿಂದ ಒರೆಸಿದಳು.
ನಿಲ್ದಾಣವಲ್ಲದ ಕಡೆ ನಿಲ್ಲಿಸಿದೆ.

ಇಳಿದು ಬೇಲಿಗೆ ಒರಗಿದೆವು.
ಮೋಡ ಮೊಣಕಾಲಿಗೆ ಇಳಿದಿತ್ತು.
ಇಂಥ ದಿನಕ್ಕೆ ಇವರು ಡ್ರೀಕ್ ಎನ್ನುತ್ತಾರೆ,
ಕಫ ಗಂಟಲಲ್ಲೇ ಸಿಕ್ಕಿಕೊಂಡಂಥ ಮಾತು.
ಗುಡ್ಡವಿಲ್ಲ, ಸಂದಿಲ್ಲ, ಸೂರ್ಯನ ಸುಳಿವಿಲ್ಲ.
ಕಪ್ಪು ಬೂದಿಯಾಯಿತು, ಬೂದಿ ಸ್ವಲ್ಪ ತೆಳುವಾಯಿತು,
ಕಾಗೆಗಳಿಗೆ ಅಂಚು ಬಂತು.
"ಅವರಿಗೂ ಎಷ್ಟೋ ವರ್ಷ ಹೀಗೇ ಆಗಿರಬೇಕು" ಅಂದಳು.
"ಆಗ ಏನು ಮಾಡಿದರೋ."

ಹತ್ತಿ ಕೂತಳು. ರೇಡಿಯೋ ಕೂಗುತ್ತಿತ್ತು.
ನಾಲ್ಕು ನಿಮಿಷ ತಡ.
ಕಾರಣ ಎಂಬ ಖಾನೆಯಲ್ಲಿ
ಹವಾಮಾನ ಎಂದು ಬರೆದೆ.